ಮ್ಯಾಮತ್ ದಂತದ ಮೇಲೆ ಜಲವರ್ಣ ನಿಲ್ಲುವುದು ಹೇಗೆ?

ಪ್ರಶ್ನೆ (ಜಲವರ್ಣದ ಹವ್ಯಾಸಿ)

ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಕಾಗದದ ಮೇಲೆ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಕಳೆದ ವರ್ಷ ವಿದೇಶದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಒಂದು ಪ್ರದರ್ಶನದಲ್ಲಿ ಅಂಗೈಗಿಂತ ಚಿಕ್ಕದಾದ, ಮುದುಕಿಯೊಬ್ಬರ ಮುಖಚಿತ್ರವನ್ನು ನೋಡಿದೆ. ಕೆಳಗೆ ‘ಮ್ಯಾಮತ್ ದಂತದ ಮೇಲೆ ಜಲವರ್ಣ’ ಎಂದು ಬರೆದಿತ್ತು. ಮ್ಯಾಮತ್ ಎಂದರೆ ಆನೆಯನ್ನು ಹೋಲುವ, ಎಂದೋ ಅಳಿದುಹೋದ ರೋಮದ ಪ್ರಾಣಿ. ಕೆನ್ನೆಯ ಮೇಲೆ ಬಣ್ಣವೇ ಇಲ್ಲವೇನೋ ಎನ್ನುವಷ್ಟು ತೆಳುವಾಗಿದ್ದರೂ ಒಳಗಿನಿಂದ ಬೆಳಕು ಬಂದಂತೆ ಕಾಣುತ್ತಿತ್ತು. ದಂತದಲ್ಲೇ ಇದ್ದ ಕಂದು ಗೆರೆಯೊಂದನ್ನು ಮುಚ್ಚದೆ, ಕಿವಿಯ ಪಕ್ಕದ ಕೂದಲ ಎಳೆಯಾಗಿ ಉಳಿಸಿಕೊಂಡಿದ್ದರು. ಅಂದಿನಿಂದ ಆ ಮುಖ ಕಣ್ಣಿನಿಂದ ಮರೆಯಾಗಿಲ್ಲ. ನೀರು ಹೀರದ ದಂತದ ಮೇಲೆ ಬಣ್ಣ ಹೇಗೆ ನಿಲ್ಲುತ್ತದೆ? ಆನೆಯ ದಂತಕ್ಕೂ ಇದಕ್ಕೂ ಏನು ವ್ಯತ್ಯಾಸ? ಭಾರತದಲ್ಲಿ ಇದರ ಹಾಳೆ ಸಿಗುವುದೇ?

ಉತ್ತರ 1 (ಚಿಕಣಿ ಚಿತ್ರಗಾರ)

ಬಣ್ಣ ಸುಲಭವಾಗಿ ನಿಲ್ಲುವುದಿಲ್ಲ ಎಂಬುದೇ ಈ ಕಲೆಯ ಇಡೀ ಸ್ವರೂಪವನ್ನು ತಿದ್ದಿದೆ. ಯುರೋಪಿನಲ್ಲಿ ಮೊದಲು ಇಂತಹ ಮುಖಚಿತ್ರಗಳನ್ನು ಹದಮಾಡಿದ ಕರುವಿನ ಚರ್ಮದ ಮೇಲೆ ಬರೆಯುತ್ತಿದ್ದರು. 1700ರ ಸುಮಾರಿಗೆ ವೆನಿಸ್‌ನ ಚಿತ್ರಗಾರ್ತಿ ರೊಸಾಲ್ಬಾ ಕರಿಯೆರಾ ಅವರು ಆನೆದಂತದ ತೆಳು ಹಾಳೆಯನ್ನು ಬಳಸತೊಡಗಿದರು. ದಂತದ ಮೇಲೆ ಬರೆದ ಚಿತ್ರದಿಂದಲೇ 1705ರಲ್ಲಿ ರೋಮಿನ ಕಲಾವಿದರ ಸಂಸ್ಥೆಯಾದ ಸೇಂಟ್ ಲ್ಯೂಕ್ ಅಕಾಡೆಮಿಯ ಸದಸ್ಯತ್ವವೂ ಅವರಿಗೆ ದೊರೆಯಿತು. ಮ್ಯಾಮತ್ ದಂತದ ಮೇಲೆ ಬರೆಯುವ ಇಂದಿನವರು ಅನುಸರಿಸುವುದೂ ಬಹುಮಟ್ಟಿಗೆ ಅದೇ ಕ್ರಮವನ್ನು.

ದಂತದಲ್ಲಿ ಸಹಜವಾಗಿಯೇ ಜಿಡ್ಡಿರುತ್ತದೆ. ಆದ್ದರಿಂದ ಹಾಳೆಯನ್ನು ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲಿನ ನುಣ್ಣನೆಯ ಪುಡಿಯಿಂದ ಉಜ್ಜಿ, ಹೊಳಪು ತೆಗೆದು, ಜಿಡ್ಡು ಹೋಗಲಾಡಿಸಿ, ಹಳೆಯ ಕಾಲದಲ್ಲಾದರೆ ಬಿಸಿಲಿನಲ್ಲಿಟ್ಟು ಬಿಳುಪೇರಿಸಿ, ಆಮೇಲಷ್ಟೇ ಗೋಂದು ಬೆರೆಸಿದ ಬಣ್ಣವನ್ನು ಮುಟ್ಟಿಸುತ್ತಾರೆ. ಕಾಗದದ ಮೇಲೆ ಮಾಡುವಂತೆ ಇಲ್ಲಿ ಅಗಲವಾಗಿ ಬಣ್ಣ ಹರಿಸಿದರೆ ಅದು ಹನಿಗಟ್ಟಿ ನಿಲ್ಲುತ್ತದೆ; ಒಣಗಿದ ಮೇಲೆ ಒದ್ದೆ ಕುಂಚ ತಾಗಿದರೆ ಕೆಳಗಿನ ಪದರ ಎದ್ದು ಬರುತ್ತದೆ. ಅದಕ್ಕಾಗಿ ಕುಂಚದಲ್ಲಿ ನೀರು ಇದೆಯೋ ಇಲ್ಲವೋ ಎಂಬಂತಿಟ್ಟುಕೊಂಡು, ಚುಕ್ಕಿಗಳಿಂದಲೂ ಕೂದಲೆಳೆಯಂಥ ಗೆರೆಗಳಿಂದಲೂ ಮುಖವನ್ನು ಕಟ್ಟುತ್ತಾರೆ. ಹಳೆಯ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿದಾಗ, ದೂರಕ್ಕೆ ಒಂದೇ ನೆರಳಾಗಿ ಕಂಡಿದ್ದ ಗಲ್ಲದ ಕೆಳಭಾಗದಲ್ಲಿ ನೀಲಿ, ಹಸಿರು, ಕೆಂಪು ಚುಕ್ಕಿಗಳು ಒಂದಕ್ಕೊಂದು ತಾಗದೆ ಕುಳಿತಿದ್ದವು. ನೀವು ಕಂಡ ಬೆಳಕು ಆ ಚುಕ್ಕಿಗಳ ನಡುವೆ ಬಿಟ್ಟ ದಂತದ್ದು. ಕೆಲವರು ಹಾಳೆಯ ಹಿಂದೆ ಲೋಹದ ತಗಡನ್ನಿಟ್ಟು ಆ ಬೆಳಕನ್ನು ಇನ್ನಷ್ಟು ಹೆಚ್ಚಿಸುತ್ತಿದ್ದರು.

ಉತ್ತರ 2 (ಭೂವಿಜ್ಞಾನದ ಅಧ್ಯಾಪಕ)

ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮ್ಯಾಮತ್ ದಂತ ಹೆಚ್ಚಾಗಿ ಬರುವುದು ಸೈಬೀರಿಯಾದ ಯಾಕುಟಿಯಾದಿಂದ. ಸದಾ ಹೆಪ್ಪುಗಟ್ಟಿರುವ ಅಲ್ಲಿನ ನೆಲದಿಂದ, ಬೇಸಿಗೆಯಲ್ಲಿ ನದಿಯ ದಡ ಕುಸಿದಾಗ, ದಂತಗಳು ಹೊರಬೀಳುತ್ತವೆ. ಮುಖ್ಯಭೂಮಿಯಲ್ಲಿ ಈ ಪ್ರಾಣಿ ಸುಮಾರು 10,000 ವರ್ಷಗಳ ಹಿಂದೆ ಅಳಿಯಿತು. ಆರ್ಕ್ಟಿಕ್ ಸಾಗರದ ರಾಂಗೆಲ್ ದ್ವೀಪದಲ್ಲಿ ಮಾತ್ರ ಸುಮಾರು 4,000 ವರ್ಷಗಳ ಹಿಂದಿನವರೆಗೂ ಉಳಿದಿತ್ತು. ಅಷ್ಟು ಕಾಲ ಮಣ್ಣಿನ ಖನಿಜಗಳನ್ನು ಹೀರಿದ ದಂತದ ಹೊರಪದರ ಕಂದಾಗುತ್ತದೆ, ಕೆಲವೆಡೆ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಸೇರಿ ನೀಲಿಯಾಗುತ್ತದೆ. ನೀವು ಕಂಡ ಕೂದಲೆಳೆ ಹೀಗೆ ನೆಲವೇ ಹಾಕಿದ ಬಣ್ಣವಿರಬೇಕು.

ದಂತವನ್ನು ಅಡ್ಡಕ್ಕೆ ಕತ್ತರಿಸಿದಾಗ ಒಂದನ್ನೊಂದು ದಾಟುವ ಶ್ರೇಗರ್ ಗೆರೆಗಳು ಕಾಣುತ್ತವೆ. ಹೊರ ಅಂಚಿನ ಬಳಿ ಅವುಗಳ ಕೋನ ಮ್ಯಾಮತ್‌ನಲ್ಲಿ ಸಾಮಾನ್ಯವಾಗಿ 90 ಡಿಗ್ರಿಗಿಂತ ಕಡಿಮೆ, ಆನೆಯಲ್ಲಿ 115ಕ್ಕಿಂತ ಹೆಚ್ಚು. ಆದರೆ ಉದ್ದಕ್ಕೆ ಸೀಳಿದ ಹಾಳೆಯಲ್ಲಿ ಈ ವಿನ್ಯಾಸ ಕಾಣಿಸುವುದಿಲ್ಲ. ಕಲೆಯಿಲ್ಲದ ಕೆನೆಬಣ್ಣದ ಹಾಳೆಯೊಂದನ್ನು ಕೈಗಿತ್ತರೆ ಅದು ಯಾವ ಪ್ರಾಣಿಯದೆಂದು ಬರಿಗಣ್ಣಿನಿಂದ ಹೇಳುವುದು ನನ್ನಿಂದಂತೂ ಆಗದು.

ಇನ್ನೊಂದು ಮಾತು ಹೇಳದಿರಲಾರೆ. ಫ್ರಾನ್ಸಿನ ಲಾ ಮಾದಲೇನ್ ಎಂಬ ಆದಿಮಾನವರ ನೆಲೆಯಲ್ಲಿ 1864ರಲ್ಲಿ ಸಿಕ್ಕಿದ ದಂತದ ತುಂಡಿನ ಮೇಲೆ ಮ್ಯಾಮತ್‌ನ ಚಿತ್ರವನ್ನೇ ಗೀರಲಾಗಿದೆ. ಜೀವಂತ ಪ್ರಾಣಿಯನ್ನು ಕಂಡವರು ಅದರದೇ ದಂತದ ಮೇಲೆ ಅದರ ರೋಮವನ್ನೂ ಗೀಚಿಟ್ಟಿದ್ದಾರೆ.

ಉತ್ತರ 3 (ವಕೀಲ, ಮೈಸೂರು)

ಅಮ್ಮ, ದಯವಿಟ್ಟು ಹಾಳೆ ತರಿಸಲು ಹೋಗಬೇಡಿ. ಅಳಿದುಹೋದ ಪ್ರಾಣಿಯಾದ್ದರಿಂದ ಮ್ಯಾಮತ್, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಲು 2019ರಲ್ಲಿ ಇಸ್ರೇಲ್ ತಂದ ಪ್ರಸ್ತಾವವನ್ನೂ ಹಿಂದಕ್ಕೆ ಪಡೆಯಲಾಯಿತು. ಹಾಗಾಗಿ ಕೆಲವು ದೇಶಗಳಲ್ಲಿ ಅದನ್ನು ಬಹಿರಂಗವಾಗಿ ಮಾರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ವನ್ಯಜೀವಿ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿ ಆಮದಾದ ದಂತದ ವ್ಯಾಪಾರವನ್ನೂ ನಿಷೇಧಿಸಿತು. ಆ ‘ದಂತ’ ಎಂಬ ಪದದಲ್ಲಿ ಮ್ಯಾಮತ್‌ನದೂ ಸೇರುತ್ತದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪು ನೀಡಿತು. ಮೇಲಿನವರು ಹೇಳಿದಂತೆ ಕಣ್ಣಿಗೆ ಎರಡೂ ಒಂದೇ ಆಗಿರುವಾಗ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಕಷ್ಟವಲ್ಲ, ಮತ್ತು ಅದರ ಬೆಲೆ ತೆರುವುದು ಬದುಕಿರುವ ಆನೆ.

ಬೀಟೆಮರದಲ್ಲಿ ದಂತದಂಥ ಚೂರುಗಳನ್ನು ಕೂರಿಸುವ ನಮ್ಮೂರಿನ ಇನ್‌ಲೇ ಕೆಲಸಗಾರರೂ ಈ ದಾರಿಯನ್ನು ದಾಟಿ ಬಂದವರೇ. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಇರುವುದು ದಂತದ ಕುಸುರಿ. ಇಂದು ಆ ಕೆಲಸಗಾರರು ದಂತದ ಬದಲು ಪ್ಲಾಸ್ಟಿಕ್ ಕೂರಿಸುತ್ತಾರೆ. ಹೊಳಪು ಸಮವಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಕೈಚಳಕ ಉಳಿದಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತರಿಸುವ ಆಸೆಯನ್ನು ಬಿಟ್ಟಿದ್ದೇನೆ. ಆದರೆ ಆ ಚುಕ್ಕಿಯ ಕ್ರಮವನ್ನು ಕಲಿಯಬೇಕು. ಯಾವುದರ ಮೇಲೆ ಅಭ್ಯಾಸ ಮಾಡಲಿ?

ಉತ್ತರ 1 (ಚಿಕಣಿ ಚಿತ್ರಗಾರ)

ಐವರಿನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯನ್ನು ಇಂದಿನ ಅನೇಕ ಚಿಕಣಿ ಚಿತ್ರಗಾರರು ಬಳಸುತ್ತಾರೆ. ಅದೂ ನೀರು ಹೀರುವುದಿಲ್ಲ, ಬೆರಳಿನ ಜಿಡ್ಡು ತಾಗಿದರೆ ಬಣ್ಣವನ್ನು ಹಾಗೆಯೇ ತಳ್ಳುತ್ತದೆ. ಮೊದಲು ಹೆಬ್ಬೆರಳಿನಷ್ಟು ತುಂಡಿನ ಮೇಲೆ ಒಂದು ಕೆನ್ನೆಯನ್ನು ಮಾತ್ರ ಬರೆಯಿರಿ, ಹಿಂದೆ ಬಿಳಿ ಕಾಗದವನ್ನಿಡಿ, ಎಲ್ಲಿ ಬೆಳಕು ಬೇಕೋ ಅಲ್ಲಿ ಕುಂಚವನ್ನೇ ಇಡಬೇಡಿ.