ದಪ್ಪ ಅಲಗು ಮಾಡಿಸಿದರೆ ಕತ್ತಿ ಮುರಿಯುವುದಿಲ್ಲವಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂಡ 1824ರ ಕಿತ್ತೂರು ಕಾಳಗವನ್ನು ಬಯಲಿನಲ್ಲಿ ಆಡಿ ತೋರಿಸುತ್ತದೆ. ಕತ್ತಿಗೆ ಕತ್ತಿ ನಿಜವಾಗಿಯೇ ಬಡಿಯುತ್ತೇವೆ. ಹೋದ ತಿಂಗಳು ತಾಲೀಮಿನಲ್ಲಿ ಒಂದು ತಲವಾರಿನ ಅಲಗು ಹಿಡಿಯ ಹತ್ತಿರ ಮುರಿದು ಹಾರಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಅಂಗಡಿಯವರು ಗಟ್ಟಿ ಸ್ಟೇನ್‌ಲೆಸ್ ಅಂತ ಕೊಟ್ಟಿದ್ದರು. ಈ ಸಲ ದಪ್ಪ ಅಲಗು ಮಾಡಿಸಿದರೆ ಸಾಕಾ? ಫೋಟೋ ಹಾಕಿದ್ದೇನೆ.

ಉತ್ತರ: ದಪ್ಪ ಮಾಡಿಸಿದರೆ ಕೈ ಸೋಲುತ್ತದೆ, ಅಷ್ಟೇ. ಫೋಟೋ ನೋಡಿದೆ. ಹಿಡಿಯೊಳಗೆ ಹೋಗುವ ಬಾಲ ಅಲಗಿನದ್ದೇ ಅಲ್ಲ, ತೆಳ್ಳನೆಯ ಸರಳೊಂದನ್ನು ವೆಲ್ಡ್ ಮಾಡಿದ್ದಾರೆ. ಗೋಡೆಗೆ ನೇತುಹಾಕುವ ಕತ್ತಿ ಅದು. ಅಲಗು, ಬಾಲ ಎರಡೂ ಒಂದೇ ಪಟ್ಟಿಯಿಂದ ಬರಬೇಕು. ಅಲಗು ಕಿರಿದಾಗಿ ಬಾಲವಾಗುವ ಮೂಲೆಯನ್ನು ನೇರಕ್ಕೆ ಕತ್ತರಿಸಿದರೆ ಬಿರುಕು ಅಲ್ಲಿಂದಲೇ ಶುರು. ದುಂಡು ಅರ ಹಾಕಿ ಆ ಮೂಲೆಯನ್ನು ದುಂಡಗೆ ಉಜ್ಜಿ.

ಉದ್ದ ಅಲಗಿಗೆ ಸ್ಟೇನ್‌ಲೆಸ್ ಬೇಡವೇ ಬೇಡ. ಇಎನ್ 45 ಸ್ಪ್ರಿಂಗ್ ಸ್ಟೀಲ್ ಕೇಳಿ, ಲಾರಿಯ ಕಮಾನು ಪಟ್ಟಿಗೆ ಹಾಕುವ ಜಾತಿ. ಗುಜರಿಯಿಂದ ಹಳೇ ಪಟ್ಟಿ ತರಬೇಡಿ, ಕಣ್ಣಿಗೆ ಕಾಣದ ಬಿರುಕು ಇರಬಹುದು. ಕುಡುಗೋಲಿಗಾದರೆ ನಡೆಯುತ್ತದೆ. ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿದಾಗ ಅದು ಗಾಜಿನ ಹಾಗೆ ಪೆಡಸು. ಮತ್ತೆ ಕಡಿಮೆ ಶಾಖದಲ್ಲಿ ಕಾಯಿಸಿ ಹದಕ್ಕೆ ತರಬೇಕು. ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ 48ರಿಂದ 50 ಸಾಕು, ಬಾಲ ಇನ್ನೂ ಮೆದುವಾಗಿರಲಿ. ಇಷ್ಟುದ್ದದ ಅಲಗನ್ನು ಕುಲುಮೆಯಲ್ಲಿ ಒಂದೇ ಸಮ ಕಾಯಿಸುವುದು ಕಷ್ಟ. ನಾನೂ ಹೀಟ್ ಟ್ರೀಟ್‌ಮೆಂಟ್ ಮಾಡುವವರಿಗೇ ಕೊಡುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ.

ಅಂಚು 2 ಮಿ.ಮೀ.ಗಿಂತ ತೆಳ್ಳಗೆ ಬೇಡ. ತುದಿ ನಾಣ್ಯದ ಹಾಗೆ ದುಂಡಗಿರಲಿ. ಹಿಡಿ ಸೇರಿ ತೂಕ ಒಂದು ಕಿಲೋ ಆಸುಪಾಸು.

ಪ್ರಶ್ನೆ: ಹಳೇ ತಲವಾರುಗಳಲ್ಲಿ ಬಾಲವನ್ನು ಅರಗಿನಲ್ಲಿ ಕೂರಿಸುತ್ತಿದ್ದರಲ್ವಾ? ನಾವೂ ಹಾಗೇ ಮಾಡಿದರೆ ಅಸಲಿಯಂತೆ ಇರುತ್ತದೆ.

ಉತ್ತರ: ಹೌದು, ಟೊಳ್ಳು ಹಿಡಿಯೊಳಗೆ ಅರಗು ತುಂಬಿ ಬಾಲ ಇಳಿಸುತ್ತಿದ್ದರು. ಹಿಡಿ ಬದಲಿಸಬೇಕಾದರೆ ಕಾಯಿಸಿದರೆ ಸಾಕು, ಬಿಟ್ಟುಕೊಳ್ಳುತ್ತಿತ್ತು. ಚೆಂದದ ಉಪಾಯ. ಆದರೆ ನೀವು ತಾಲೀಮು, ಪ್ರದರ್ಶನ ಅಂತ ವರ್ಷವೆಲ್ಲಾ ಬಡಿಯುತ್ತೀರಿ, ಅರಗು ಒಳಗೇ ಒಡೆದು ಪುಡಿಯಾಗುತ್ತದೆ. ಇಲ್ಲಿ ಅಸಲಿಯ ಹಟ ಬಿಡಿ. ಬಾಲವನ್ನು ಹಿಡಿಯ ಮೇಲಿನ ತಟ್ಟೆ ದಾಟಿಸಿ, ತುದಿಯನ್ನು ಬಡಿದು ರಿವೆಟ್ ಮಾಡಿಸಿ. ಒಳಗೆ ಎಪಾಕ್ಸಿ ಅಂಟು ತುಂಬಿ. ರಿವೆಟ್ ತಲೆ ತಟ್ಟೆಯ ಮೇಲಿನ ಗುಬುಟಿನ ಹಾಗೇ ಕಾಣುತ್ತದೆ. ಎರಕದ ಹಿತ್ತಾಳೆ ಹಿಡಿ ಬೇಡ, ಕಬ್ಬಿಣದ್ದೇ ಇರಲಿ.

ಇನ್ನೊಬ್ಬರ ಪ್ರಶ್ನೆ: ಮೊಂಡು ಕತ್ತಿಗೂ ಲೈಸೆನ್ಸ್ ಬೇಕಾ?

ಉತ್ತರ: ಅಲಗು 9 ಇಂಚಿಗಿಂತ ಉದ್ದ ಇರುವ ಹರಿತ ಆಯುಧಗಳು ಆಯುಧ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿವೆ. ಮೊಂಡು ಅಂತ ನೀವೇ ತೀರ್ಮಾನ ಮಾಡಬೇಡಿ. ಮಾಡಿಸುವ ಮೊದಲೇ ಠಾಣೆಗೆ ಹೋಗಿ ಕೇಳಿ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಂತೂ ತರಬೇಡಿ!

ಮೊದಲು ಕೇಳಿದವರಿಗೆ: ಉಳಿದ ಕತ್ತಿಗಳನ್ನು ಹಿಡಿದು ಅಲಗಿಗೆ ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ. ಗಡಗಡ ಅಂದರೆ ಹಿಡಿ ಸಡಿಲ.

ಪ್ರಶ್ನೆ ಕೇಳಿದವರು: ಆರೂ ತಟ್ಟಿ ನೋಡಿದೆ ಸರ್. ಎರಡು ಗಡಗಡ ಅನ್ನುತ್ತಿವೆ.

ಉತ್ತರ: ಆ ಎರಡನ್ನು ಇವತ್ತೇ ಬೇರೆ ಇಡಿ. ಉಳಿದ ನಾಲ್ಕರ ಹಿಡಿ ಬಿಚ್ಚಿಸಿ, ಬಾಲದ ಫೋಟೋ ಹಾಕಿ. ಅಲ್ಲಿಯವರೆಗೆ ತಾಲೀಮಿಗೆ ಬಿದಿರು ಕೋಲು.