ಜರ್ಮನಿಯ ಪಟ್ಟಣಗಳ ತುರ್ತು ನೋಟುಗಳನ್ನು ಜನ ನಂಬಿದ್ದು ಹೇಗೆ?

ಪ್ರಶ್ನೆ:
ಇಲಿಗಳನ್ನು ಕರೆದೊಯ್ಯುವ ಕಿಂದರಿಜೋಗಿಯ ಚಿತ್ರವಿರುವ, ಹಾಮೆಲ್ನ್ ಪಟ್ಟಣದ 50 ಫೆನಿಗ್ (ಅಂದರೆ ಅರ್ಧ ಮಾರ್ಕ್) ನೋಟೊಂದನ್ನು 1923ರ ಮಹಾ ಹಣದುಬ್ಬರದ ಕಾಲದ್ದೆಂದು ಹೇಳಿ ಮಾರುತ್ತಿದ್ದಾರೆ. ಇದು ನಿಜವೇ? ದೇಶಕ್ಕೊಂದು ಕೇಂದ್ರ ಬ್ಯಾಂಕು ಇರುವಾಗ ನಗರಸಭೆ ಅಚ್ಚು ಹಾಕಿಸಿದ ಕಾಗದವನ್ನು ಜನ ಯಾವ ಭರವಸೆಯ ಮೇಲೆ ಸ್ವೀಕರಿಸಿದರು?

ಉತ್ತರ 1:
ನಿಜವಲ್ಲ, ಅದರ ಮೊತ್ತವೇ ಸಾಕ್ಷಿ. 1923ರಲ್ಲಿ 50 ಫೆನಿಗ್‌ಗೆ ಏನೂ ಸಿಗುತ್ತಿರಲಿಲ್ಲ. 1914ರಲ್ಲಿ ಯುದ್ಧ ಆರಂಭವಾದಾಗ ಜನ ನಾಣ್ಯಗಳನ್ನು ಕೂಡಿಟ್ಟುಕೊಂಡದ್ದರಿಂದ ಚಿಲ್ಲರೆಯ ಅಭಾವ ತಲೆದೋರಿತು, ಅದನ್ನು ನೀಗಿಸಲು ಪಟ್ಟಣಗಳು ಸಣ್ಣ ನೋಟುಗಳನ್ನು ಹೊರಡಿಸಿದವು. ಯುದ್ಧ ಮುಗಿದ ಮೇಲೆ ಸಂಗ್ರಾಹಕರು ಮುಗಿಬಿದ್ದು ಕೊಳ್ಳುವುದನ್ನು ಕಂಡು, ಸ್ಥಳೀಯ ಕಥೆಗಳ ಬಣ್ಣದ ಸರಣಿಗಳನ್ನೇ ಅಚ್ಚು ಹಾಕಿಸಿದವು. ಸಂಗ್ರಹಕ್ಕೆ ಸೇರಿದ ನೋಟು ಮರಳಿ ಬರುವುದಿಲ್ಲವಾದ್ದರಿಂದ ಅದರ ಬೆಲೆಯೆಲ್ಲ ಪಟ್ಟಣಕ್ಕೇ ಲಾಭ! 1922ರ ಜುಲೈನಲ್ಲಿ ಕಾನೂನು ಇದಕ್ಕೆ ತಡೆ ಹಾಕಿತು. ಹಣದುಬ್ಬರದ ಕಾಲದ ನೋಟುಗಳು ಬಹುಮಟ್ಟಿಗೆ ನೀರಸವಾದವು. ಎಷ್ಟೋ ನೋಟುಗಳಿಗೆ ಒಂದೇ ಬದಿಯಲ್ಲಿ ಅಚ್ಚು.

ಉತ್ತರ 2:
ಎರಡನೆಯ ಪ್ರಶ್ನೆಗೆ ಬರುತ್ತೇನೆ. 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್ ಅನ್ನು ಆಕ್ರಮಿಸಿದಾಗ, ಅದನ್ನು ಪ್ರತಿಭಟಿಸಿ ಅಲ್ಲಿ ಕೆಲಸ ನಿಲ್ಲಿಸಿದ ಕಾರ್ಮಿಕರನ್ನು ಪೋಷಿಸಲು ಸರ್ಕಾರ ನೋಟು ಮುದ್ರಣವನ್ನೇ ಆಶ್ರಯಿಸಿತು. ನೂರಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳನ್ನು ತೊಡಗಿಸಿಕೊಂಡರೂ ಕೇಂದ್ರ ಬ್ಯಾಂಕಾದ ರೈಶ್‌ಬ್ಯಾಂಕಿಗೆ ಬೆಲೆಗಳ ಓಟವನ್ನು ಹಿಡಿಯಲಾಗಲಿಲ್ಲ, ಸಂಬಳದ ದಿನ ಕೊಡಲು ನಗದೇ ಇರುತ್ತಿರಲಿಲ್ಲ. ಆಗ ಪಟ್ಟಣಗಳು, ಕಾರ್ಖಾನೆಗಳು, ಕೊನೆಗೆ ರೈಲ್ವೆಯೂ ತಮ್ಮ ನೋಟುಗಳನ್ನು ಹೊರಡಿಸಿದವು. ನಿಯಮದಂತೆ ಅನುಮತಿ ಪಡೆದು ಠೇವಣಿ ಇಡಬೇಕಿತ್ತು. ಹಲವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೋಟು ಕೈಸೇರಿದ ಕೂಡಲೇ ಪಕ್ಕದ ಅಂಗಡಿಯಲ್ಲಿ ಚಲಾವಣೆಯಾದರೆ ಸಾಕಿತ್ತು, ಅದನ್ನು ನಾಳೆಗೆ ಇಟ್ಟುಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ದೀರ್ಘಕಾಲದ ನಂಬಿಕೆಯ ಪ್ರಶ್ನೆಯೇ ಏಳಲಿಲ್ಲ. ತಡವಾಗಿ ತೀರಿಸಿದಷ್ಟೂ ಸಾಲ ಕರಗುತ್ತಿದ್ದುದರಿಂದ ನೋಟು ಹೊರಡಿಸಿದವರಿಗೆ ಅನುಕೂಲವೇ ಆಯಿತು. ಆದರೂ ಹಣದುಬ್ಬರದ ಮೂಲ ಸರ್ಕಾರದ ಕೊರತೆಯಲ್ಲಿತ್ತು, ಪಟ್ಟಣಗಳಲ್ಲಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 3:
ಎಲ್ಲವೂ ನೀರಸವಲ್ಲ. ಬೀಲೆಫೆಲ್ಡ್‌ನ ಉಳಿತಾಯ ಬ್ಯಾಂಕು ರೇಷ್ಮೆಯ ಮೇಲೆ ನೋಟು ಅಚ್ಚು ಹಾಕಿಸಿತು. ತುರಿಂಗಿಯಾ ರಾಜ್ಯದ ದಶಲಕ್ಷ ಮಾರ್ಕಿನ ನೋಟುಗಳನ್ನು ವಿನ್ಯಾಸಗೊಳಿಸಿದವನು ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಹರ್ಬರ್ಟ್ ಬಾಯರ್. ನೀವು ಕೊಳ್ಳುವುದಾದರೆ 1923ರ ಕೊನೆಯ ತಿಂಗಳುಗಳ ನೋಟುಗಳನ್ನು ಹುಡುಕಿರಿ. ನವೆಂಬರ್ 20ರ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಕಾಗದದ ಮಾರ್ಕ್ ಆಗಿತ್ತು, ಆದ್ದರಿಂದ ಹಲವು ನೋಟುಗಳು ಮೊತ್ತವನ್ನು ಚಿನ್ನದ ಮಾರ್ಕಿನಲ್ಲಿ (ಚಿನ್ನದ ಬೆಲೆಗೆ ಕಟ್ಟಿದ ಲೆಕ್ಕದ ಮಾರ್ಕಿನಲ್ಲಿ) ಹೇಳಿ, ಪಕ್ಕದಲ್ಲೇ ಡಾಲರಿನ ಸಮಾನ ಮೌಲ್ಯವನ್ನೂ ಅಚ್ಚು ಹಾಕಿವೆ.