ಚದರದ ದರ ಬಿಟ್ಟು ವಿವರವಾದ ಎಸ್ಟಿಮೇಟ್ ಬರೆಯುವುದು ಹೇಗೆ?

ಪ್ರಶ್ನೆ – ತುಮಕೂರಿನ ಗುತ್ತಿಗೆದಾರ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಮೇಸ್ತ್ರಿಯಾಗಿ ದುಡಿದು, ಮೂರು ವರ್ಷಗಳಿಂದ ಸ್ವಂತವಾಗಿ ಮನೆ ಕಟ್ಟುವ ಗುತ್ತಿಗೆ ಹಿಡಿಯುತ್ತಿದ್ದೇನೆ. ಇದುವರೆಗೆ ನಾನು ಕೊಡುತ್ತಿದ್ದ ಎಸ್ಟಿಮೇಟ್ ಎಂದರೆ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು: ಇಷ್ಟು ಚದರ (ಒಂದು ಚದರ ಎಂದರೆ 100 ಚದರಡಿ), ಚದರಕ್ಕೆ ಇಷ್ಟು, ಒಟ್ಟು ಇಷ್ಟು, ಅಡ್ವಾನ್ಸ್ ಇಷ್ಟು. ಈಚೆಗೆ 30×40 ನಿವೇಶನದಲ್ಲಿ ಹತ್ತು ಚದರದ ಮನೆ ಮುಗಿಸಿದಾಗ ತಕರಾರು ಎದ್ದಿತು. ಮೆಟ್ಟಿಲ ಮೇಲಿನ ಹೆಡ್‌ರೂಮ್, ಮುಂಭಾಗದ ಪೋರ್ಟಿಕೋ ಮತ್ತು 8,000 ಲೀಟರಿನ ಸಂಪು, ಈ ಮೂರೂ ಚದರದ ದರದೊಳಗೇ ಬರುತ್ತವೆ ಎಂಬುದು ಮನೆಯ ಯಜಮಾನರ ವಾದ. ಬರುವುದಿಲ್ಲ ಎಂಬುದು ನನ್ನದು. ಕೊನೆಯ ಕಂತು ಎರಡು ತಿಂಗಳಿಂದ ನಿಂತಿದೆ. ಅವರನ್ನು ದೂರುವಂತೆಯೂ ಇಲ್ಲ, ಏಕೆಂದರೆ ನನ್ನ ಕಾಗದದಲ್ಲಿ ಆ ಮೂರರ ಹೆಸರೇ ಇಲ್ಲ. ಮುಂದಿನ ಮನೆಗೆ ಎಲ್ಲವನ್ನೂ ಬಿಡಿಸಿ ಬರೆಯಬೇಕೆಂದಿದ್ದೇನೆ. ಆದರೆ ಹಾಗೆ ಬರೆದರೆ ಮೊತ್ತ ದೊಡ್ಡದಾಗಿ ಕಂಡು, ಬಂದ ಕೆಲಸ ಬೇರೆಯವರ ಪಾಲಾದೀತೆಂಬ ಅಳುಕೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 – ನಿವೃತ್ತ ಎಂಜಿನಿಯರ್, ದಾವಣಗೆರೆ

ಚದರದ ದರ ಮಾತುಕತೆ ಆರಂಭಿಸುವುದಕ್ಕೆ ಸಾಕು, ಒಪ್ಪಂದಕ್ಕೆ ಸಾಲದು. ಪಾಯ ಅಗೆಯುವುದರಿಂದ ಬಣ್ಣ ಬಳಿಯುವವರೆಗೆ ಒಂದೊಂದು ಕೆಲಸಕ್ಕೂ ಒಂದು ಸಾಲು ಇರಲಿ. ಆ ಸಾಲಿನಲ್ಲಿ ಪ್ರಮಾಣ, ಅಳತೆಯ ಮಾನ, ದರ, ಮೊತ್ತ ನಾಲ್ಕೂ ಇರಲಿ. ನಿಮ್ಮ ಹತ್ತು ಚದರದ ಮನೆಯ ಮೋಲ್ಡನ್ನೇ, ಅಂದರೆ ಕಾಂಕ್ರೀಟಿನ ಚಾವಣಿಯನ್ನೇ, ತೆಗೆದುಕೊಳ್ಳಿ. 1,000 ಚದರಡಿ, 5 ಇಂಚು ದಪ್ಪ ಎಂದರೆ ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್. ಸಿಮೆಂಟು, ಮರಳು, ಜಲ್ಲಿಯ 1:1.5:3 ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಹಿಡಿದರೆ 95 ಚೀಲ ಸಿಮೆಂಟು ಬೇಕು. ಕಬ್ಬಿಣವನ್ನು ಮಾತ್ರ ಅಂದಾಜಿನ ಮೇಲೆ ಬರೆಯಬೇಡಿ. ನಕ್ಷೆಯಲ್ಲಿರುವ ಸರಳುಗಳ ಉದ್ದ ಕೂಡಿಸಿ, ಅದನ್ನು ಒಂದು ಮೀಟರಿನ ತೂಕದಿಂದ ಗುಣಿಸಿ. ಎಂಎಂನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. 12 ಎಂಎಂ ಸರಳಿಗೆ ಅದು 0.89 ಕಿಲೋ.

ಅಳತೆಯ ವಿಧಾನವನ್ನೂ ಮೊದಲೇ ಬರೆದಿಡಬೇಕು. ಗಾರೆಯ ಲೆಕ್ಕದಲ್ಲಿ ಕಿಟಕಿ ಬಾಗಿಲುಗಳ ಜಾಗ ಕಳೆಯಬೇಕೆ ಎಂಬ ಜಗಳ ನಾನು ನೂರು ಸಲ ಕೇಳಿದ್ದೇನೆ. ಇದಕ್ಕೆ ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನಕ ಐಎಸ್ 1200ರಲ್ಲಿ ಉತ್ತರವಿದೆ. ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು, ಅಂದರೆ ಬಚ್ಚಲಿನ ವೆಂಟಿಲೇಟರಿನಂಥದ್ದನ್ನು, ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್ ಮೀರದಿದ್ದರೆ ಗೋಡೆಯ ಒಂದು ಮುಖದ ಅಳತೆಯನ್ನು ಮಾತ್ರ ಕಳೆಯಬೇಕು. ಇನ್ನೊಂದು ಮುಖದ್ದು ಅಂಚುಗಳ ಗಾರೆಗೆ ಸಲ್ಲುತ್ತದೆ. 4×4 ಅಡಿಯ ಕಿಟಕಿ, 3×7 ಅಡಿಯ ಬಾಗಿಲು ಎರಡೂ ಈ ಗುಂಪಿಗೇ ಬೀಳುತ್ತವೆ. 3 ಚದರ ಮೀಟರ್ ಮೀರಿದರೆ ಎರಡೂ ಮುಖಗಳನ್ನು ಕಳೆದು, ಅಂಚುಗಳನ್ನು ಬೇರೆಯಾಗಿ ಅಳೆದು ಸೇರಿಸಬೇಕು. "ಅಳತೆ ಐಎಸ್ 1200ರಂತೆ" ಎಂದು ಎಸ್ಟಿಮೇಟಿನಲ್ಲಿ ಒಂದು ಸಾಲು ಬರೆಯಿರಿ.

ಉತ್ತರ 2 – ಮೈಸೂರಿನ ಗುತ್ತಿಗೆದಾರ

ಸಾಹೇಬರು ಹೇಳಿದ್ದು ಸರಿಯೇ. ಆದರೆ ನನ್ನನ್ನು ಕಾಪಾಡಿರುವುದು ಪ್ರಮಾಣದ ಪಟ್ಟಿಗಿಂತ ಹೆಚ್ಚಾಗಿ "ಇದರಲ್ಲಿ ಸೇರಿಲ್ಲ" ಎಂಬ ಪಟ್ಟಿ. ಸಂಪು, ಕಾಂಪೌಂಡು, ಗೇಟು, ಬೋರ್‌ವೆಲ್, ಒಳಚರಂಡಿ ಸಂಪರ್ಕ, ವಿದ್ಯುತ್ ಸಂಪರ್ಕದ ಠೇವಣಿ, ನಕ್ಷೆ ಮಂಜೂರಾತಿಯ ಶುಲ್ಕ, ಇವುಗಳಲ್ಲಿ ನೀವು ಯಾವುದನ್ನು ಮಾಡುವುದಿಲ್ಲವೋ ಅದರ ಹೆಸರನ್ನು ಬರೆಯಲೇಬೇಕು. ಪಾಯ ತೆಗೆಯುವಾಗ ಬಂಡೆ ಸಿಕ್ಕರೆ ಒಡೆಸುವ ಖರ್ಚು ಯಾರದ್ದು ಎಂಬುದೂ ಇರಲಿ. ಒಮ್ಮೆ ನಾಲ್ಕಡಿ ಆಳದಲ್ಲೇ ಬಂಡೆ ಎದುರಾಗಿ, ಆ ಮನೆಯಲ್ಲಿ ನನಗೆ ಉಳಿಯಬೇಕಿದ್ದ ಹಣವೆಲ್ಲ ಬ್ರೇಕರಿಗೇ ಹೋಯಿತು.

ಮಾಲೀಕರು ಆರಿಸುವ ಸಾಮಾನಿಗೆ ಮಿತಿ ಹಾಕಿ. ನಾನು ಹೀಗೆ ಬರೆಯುತ್ತೇನೆ: "ನೆಲದ ಟೈಲ್ಸ್ ಚದರಡಿಗೆ 60 ರೂಪಾಯಿವರೆಗೆ, ಹೆಚ್ಚಿನ ಬೆಲೆಯದನ್ನು ಆರಿಸಿದರೆ ವ್ಯತ್ಯಾಸ ಮಾಲೀಕರದು, ಕಡಿಮೆಯಾದರೆ ಉಳಿಕೆಯೂ ಅವರದೇ." ಈ ಕೊನೆಯ ಮಾತು ಓದಿದ ಮೇಲೆ ಅವರ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಎಸ್ಟಿಮೇಟಿಗೆ 30 ದಿನದ ಅವಧಿ ಹಾಕಿ. ಕಂತುಗಳನ್ನು ತಿಂಗಳಿಗೆ ಕಟ್ಟಬೇಡಿ, ಪ್ಲಿಂತ್ (ಪಾಯದ ಮೇಲಿನ ನೆಲಮಟ್ಟ), ಲಿಂಟಲ್ (ಕಿಟಕಿ ಬಾಗಿಲಿನ ಮೇಲಿನ ತೊಲೆ), ಮೋಲ್ಡ್, ಗಾರೆ ಎಂದು ಹಂತಕ್ಕೆ ಕಟ್ಟಿ. ನಡುವೆ ಹೆಚ್ಚುವರಿ ಕೆಲಸ ಹೇಳಿದರೆ, ಅದು ಒಂದು ಸಜ್ಜಾ ಆಗಿದ್ದರೂ, ಮೊತ್ತವನ್ನು ವಾಟ್ಸಾಪ್‌ನಲ್ಲಿ ಕಳಿಸಿ "ಒಪ್ಪಿಗೆ" ಎಂಬ ಉತ್ತರ ಬಂದ ಮೇಲೆಯೇ ಕಾಂಕ್ರೀಟಿನ ಅಚ್ಚಿಗೆ ಸೆಂಟ್ರಿಂಗ್ ಹಲಗೆ ಕಟ್ಟಿಸಿ.

ಉತ್ತರ 3 – ತೆರಿಗೆ ಸಲಹೆಗಾರ, ಹುಬ್ಬಳ್ಳಿ

ಜಿಎಸ್‌ಟಿಯ ಸಾಲನ್ನು ಮರೆಯಬೇಡಿ. ಬಿಡಿ ಮನೆಯೊಂದನ್ನು ಬರೀ ಕೂಲಿ ಗುತ್ತಿಗೆಯಲ್ಲಿ ಕಟ್ಟಿಕೊಟ್ಟರೆ ತೆರಿಗೆ ವಿನಾಯಿತಿ ಇದೆ. ಸಾಮಾನೂ ನಿಮ್ಮದೇ ಆದರೆ 18 ಪ್ರತಿಶತ. ದರದಲ್ಲಿ ತೆರಿಗೆ ಸೇರಿದೆಯೋ ಪ್ರತ್ಯೇಕವೋ ಎಂಬುದನ್ನು ಬರೆಯದಿದ್ದರೆ, ಕೊನೆಗೆ ಅದು ನಿಮ್ಮ ತಲೆಗೇ ಬರುತ್ತದೆ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಹಾಕಿ ವಸೂಲು ಮಾಡುವಂತಿಲ್ಲ. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಪ್ರತಿಶತ ಆಗಿದೆ, ಹಳೆಯ ದರಪಟ್ಟಿಯನ್ನೇ ನಕಲು ಮಾಡುವವರು ಗಮನಿಸಬೇಕು.

ಉತ್ತರ 4 – ಮನೆ ಕಟ್ಟಿಸಿದವರು, ಶಿವಮೊಗ್ಗ

ನಿಮ್ಮ ಅಳುಕಿಗೆ ಮಾಲೀಕಳಾಗಿ ಉತ್ತರಿಸುತ್ತೇನೆ. ನನಗೆ ಮೂರು ಎಸ್ಟಿಮೇಟ್ ಬಂದಿದ್ದವು. ಎಲ್ಲಕ್ಕಿಂತ ಕಡಿಮೆ ಮೊತ್ತದ್ದು ಒಂದೇ ಪುಟ, ಹೆಚ್ಚಿನದು ಆರು ಪುಟ. ಆ ಆರು ಪುಟವನ್ನು ಮುಂದಿಟ್ಟುಕೊಂಡು ಉಳಿದಿಬ್ಬರನ್ನು "ವೈರಿಂಗ್ ಪಾಯಿಂಟ್ ಎಷ್ಟು, ಪುಟ್ಟಿ ಎಷ್ಟು ಕೋಟ್" ಎಂದು ಕೇಳುತ್ತ ಹೋದೆ. ಕೇಳಿದಂತೆಲ್ಲ ಅವರ ಮೊತ್ತ ಏರಿತು. ಕೊನೆಗೆ ಆರು ಪುಟದವರಿಗೇ ಕೆಲಸ ಕೊಟ್ಟೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಳೆಯ ತಕರಾರಿನ ವಿಷಯ: ಈ ಭಾನುವಾರ ಯಜಮಾನರೊಂದಿಗೆ ಟೇಪು ಹಿಡಿದು ಹೆಡ್‌ರೂಮ್ ಮತ್ತು ಪೋರ್ಟಿಕೋ ಅಳೆದೆವು. ಪೋರ್ಟಿಕೋಗೆ ಅರ್ಧ ದರ, ಸಂಪಿಗೆ ಸಾಮಾನಿನ ಬಿಲ್ಲಿನಷ್ಟು ಎಂದು ಅವರು ಒಪ್ಪಿದ್ದಾರೆ. ಹೆಡ್‌ರೂಮನ್ನು ನಾನೇ ಬಿಟ್ಟುಕೊಟ್ಟೆ. ಹೊಸ ಎಸ್ಟಿಮೇಟ್ ನಾಲ್ಕು ಪುಟವಾಗಿದೆ, ವೈರಿಂಗಿನದು ಇನ್ನೂ ಬರೆಯಬೇಕು.